ವಾಮನಣ್ಣ ಬಡಿಸಿದ ಎಲೆ

ವಾಮನಣ್ಣನಿಗೆ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. ಮೀನುಗಾರಿಕೆಯ ಬೋಟಿನಲ್ಲಿ ಇಂಜಿನ್ ಪಕ್ಕದಲ್ಲೇ ಆಯುಷ್ಯ ಕಳೆದವರು. ಆ ಸದ್ದನ್ನು ಮೀರಿ ಕೇಳಿಸಬೇಕಾದರೆ ಎಷ್ಟು ಕೂಗಬೇಕೋ ಅಷ್ಟೇ ಜೋರಾಗಿ ಮನೆಯಲ್ಲೂ ಉಪ್ಪು ಕೇಳುತ್ತಿದ್ದರು. ಕಾವೂರಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ, ನಡುವೆ ಒಂದು ಮೋಟು ಗೋಡೆ. ಅವರ ಮನೆಯ ಗುಟ್ಟೆಲ್ಲ ನನಗೆ ಗೊತ್ತಿದ್ದದ್ದು ನನ್ನ ಕುತೂಹಲದಿಂದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಘಟ್ಟದ ಮೇಲಿನವಳು, ಬಲ್ಮಠದ ಶಾಲೆಯೊಂದರಲ್ಲಿ ಟೀಚರು. ನನಗೆ ತುಳು ಅರ್ಧಂಬರ್ಧವೆಂದು ನನ್ನೊಡನೆ ಮಾತ್ರ ಅವರು ಕನ್ನಡದಲ್ಲಿ ಕೂಗುತ್ತಿದ್ದರು. ನಮ್ಮದು ಮೀನು ತಿನ್ನದ ಮನೆ ಎಂಬುದು ಅವರಿಗೆ ಎಂದೂ ಮುಗಿಯದ ತಮಾಷೆ. “ಸೌತೆಕಾಯಿಯಲ್ಲಿ ಮುಳ್ಳೇ ಇಲ್ಲ ಟೀಚರೇ, ಅದನ್ನು ತಿನ್ನುದರಲ್ಲಿ ಎಂತ ಗಮ್ಮತ್ತುಂಟು?” ಎನ್ನುತ್ತಿದ್ದರು.

ಅವರ ಹೆಂಡತಿ ಸುಂದರಿಯಕ್ಕ ಕಂಕನಾಡಿ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದರು. ಮಾರ್ಕೆಟ್ಟಿನಲ್ಲಿ ಬಾಯಿ ಜೋರಂತೆ, ಮನೆಯಲ್ಲಿ ಮಾತ್ರ ಹೂಂ, ಉಹೂಂ ಅಷ್ಟೇ. ಇಬ್ಬರ ಪಾಲಿನ ಮಾತನ್ನೂ ಗಂಡನೇ ಆಡಿಬಿಡುತ್ತಿದ್ದಾಗ ಅವರಿಗೆ ಅವಕಾಶವಾದರೂ ಎಲ್ಲಿತ್ತು?

ಬೋಟು ಹತ್ತಿದರೆ ವಾಮನಣ್ಣ ವಾರಗಟ್ಟಲೆ ಇರುತ್ತಿರಲಿಲ್ಲ. ಬಂದ ದಿನ ಮಾತ್ರ ಅಡುಗೆಮನೆ ಅವರದು. ತನ್ನ ಪಾಲಿಗೆ ಬಂದ ಮೀನಿನಲ್ಲಿ ದಪ್ಪ ಬಂಗುಡೆಗಳನ್ನು ಆರಿಸಿ, ಯಾರಿಗೂ ಕೊಡದೆ ತರುತ್ತಿದ್ದರು. “ಇದು ಸುಂದರಿಗೆ!” ಎಂದು ಗೇಟಿನಿಂದಲೇ ಕೂಗು. ಹುಳಿ ಖಾರ ಹಾಕಿ ಪುಳಿಮುಂಚಿ ಮಾಡಿ, ಹೆಂಡತಿಗೆ ಬಡಿಸಿ, ಎದುರು ಕೂತು ನೋಡುವುದು. “ಹೇಗುಂಟು?” “ಲಾಯ್ಕುಂಟು.” ಆ ಒಂದು ಮಾತು ಸಾಕು, ಆ ಮನುಷ್ಯ ಇಡೀ ದಿನ ಮೀಸೆಯಲ್ಲೇ ನಗುತ್ತಿದ್ದರು.

ಅವರು ಕಡಲಿನಲ್ಲಿದ್ದಾಗ ಸುಂದರಿಯಕ್ಕ ಮಧ್ಯಾಹ್ನ ಮಾರ್ಕೆಟ್ಟಿನಿಂದ ಬಂದು, ಸ್ನಾನ ಮಾಡಿ, ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಮೊಸರು, ಉಪ್ಪುನೀರಿನ ಮಾವಿನಕಾಯಿ. ಅವರಿಗೆ ಬೇಕಾದ್ದು ಅಷ್ಟೇ.

“ಬೆಳಗ್ಗಿಂದ ಮೀನಿನ ಮಧ್ಯದಲ್ಲೇ ಇರುದಲ್ವಾ ಟೀಚರೇ. ಬಾಯಿಗಿಟ್ಟರೆ ಹೊಟ್ಟೆ ತೊಳಸ್ತದೆ.”

“ಮತ್ತೆ ಅವರಿಗೆ ಹೇಳಬಾರದಾ?”

“ಅಷ್ಟು ದಿನ ನೀರಿನ ಮೇಲಿದ್ದು ಬರ್ತಾರೆ. ಬಂದವರು ಮಲಗುದಲ್ಲ, ನನಗೆ ಅಂತ ಒಲೆ ಹಚ್ತಾರೆ. ಬೇಡ ಅಂತ ಹೇಗೆ ಹೇಳುದು? ನೀವೂ ಹೇಳಬೇಡಿ, ಆಯ್ತಾ?”

ನಾನು ಹೇಳಲಿಲ್ಲ. ಗಂಡ ಹೆಂಡತಿಯ ನಡುವೆ ಇಂಥದ್ದೊಂದು ಪ್ರೀತಿಯೂ ಇರುತ್ತದಲ್ಲ ಎಂದು ನನ್ನಷ್ಟಕ್ಕೇ ಬೆರಗಾಗುತ್ತಿದ್ದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ವಾಮನಣ್ಣ ಬೋಟಿನ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಂದು ಬೆಳಿಗ್ಗೆ ಸುಂದರಿಯಕ್ಕ ಮಾರ್ಕೆಟ್ಟಿನಲ್ಲಿ ಬುಟ್ಟಿಯ ಪಕ್ಕ ಕೂತವರು ಏಳಲಿಲ್ಲ. ಆಸ್ಪತ್ರೆ ಹತ್ತಿರವೇ ಇತ್ತು. ಆದರೂ ಉಳಿಸಿಕೊಳ್ಳಲು ಆಗಲಿಲ್ಲ.

ಮಳೆಗಾಲದ ಆಟಿ ತಿಂಗಳಲ್ಲಿ ಅವರ ಮನೆಗಳಲ್ಲಿ ತೀರಿಹೋದವರಿಗೆ ಬಡಿಸುವ ಪದ್ಧತಿ ಇದೆ. ಒಳಕೋಣೆಯಲ್ಲಿ ಬಾಳೆ ಎಲೆ ಹಾಕಿ, ದೀಪವಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಹೋದವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತು ಕಾದು, ಬಾಗಿಲು ತಟ್ಟಿ ತೆರೆಯುತ್ತಾರೆ. ಸುಂದರಿಯಕ್ಕ ತೀರಿಹೋದ ವರ್ಷದ ಆಟಿಯಲ್ಲಿ ವಾಮನಣ್ಣ ಬಂಗುಡೆಗಾಗಿ ಊರೆಲ್ಲ ಸುತ್ತಿದರು. ಆಗ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. “ಅವಳಿಗೆ ಐಸಿನ ಮೀನು ಹಾಕುದಾ? ಏನು ತಿಳ್ಕೊಂಡಿದ್ದೀರಿ?” ಎಂದು ಎಲ್ಲರನ್ನೂ ಗದರಿ, ಕೊನೆಗೆ ನಾಡದೋಣಿಯವರ ಕೈಕಾಲು ಹಿಡಿದು ತಾಜಾ ಬಂಗುಡೆ ತಂದರು. ತಾವೇ ಬೇಯಿಸಿ, ಎಲೆಯ ತುಂಬ ಬಡಿಸಿದರು. ಬಾಗಿಲು ಮುಚ್ಚಿ ಜಗಲಿಗೆ ಬಂದಾಗ ಮಗಳು ಶೈಲಾಳಿಗೆ ತಡೆಯಲಾಗಲಿಲ್ಲ. ಅಮ್ಮನಿಗೆ ಮೀನು ಸೇರುತ್ತಲೇ ಇರಲಿಲ್ಲ, ನೀವು ಮಾಡಿದ್ದಕ್ಕೆ ಮಾತ್ರ ತಿನ್ನುತ್ತಿದ್ದದ್ದು ಎಂದು ಅತ್ತುಬಿಟ್ಟಳು.

ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ಯಾರೋ ನನ್ನನ್ನು ಕರೆದಂತಾಯಿತು. ಅಷ್ಟು ಸಣ್ಣ ದನಿ ಅವರದೆಂದು ನನಗೆ ಹೊಳೆಯಲೇ ಇಲ್ಲ.

“ಟೀಚರೇ, ಅವಳು ನಿನ್ನೆ ಹಸಿದು ಹೋದಳಾ?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗಂಜಿ, ಮೊಸರು, ಮಾವಿನಕಾಯಿ ಎಲ್ಲ ಹೇಳಿದೆ. ನಿಮಗೆ ಬೇಸರವಾಗಬಾರದೆಂದು ತಿಂದರು, ಒತ್ತಾಯಕ್ಕಲ್ಲ, ಪ್ರೀತಿಗೇ ತಿಂದರು ಎಂದೂ ಹೇಳಿದೆ.

“ನಾನು ಎದುರೇ ಕೂತು ನೋಡ್ತಿದ್ದೆ. ಎಂತ ನೋಡಿದ್ದು ನಾನು?” ಎಂದು ಒಳಗೆ ಹೋದರು.

ಆಮೇಲೆ ಕೆಲವು ದಿನ ಹೆಂಡತಿಯ ಫೋಟೋದ ಜೊತೆ ದೊಡ್ಡ ಜಗಳ. “ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ ನಿನಗೆ?” ಎಂಬ ಕೂಗು ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ದನಿ ಮರಳಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಬೇಸಿಗೆ ಬಂದಾಗ ಎಳೆ ಮಾವಿನಕಾಯಿ ತಂದು, ಉಪ್ಪು ಎಷ್ಟು, ನೀರು ಕುದಿಸಬೇಕಾ ಎಂದು ನನ್ನ ಪ್ರಾಣ ತಿಂದು, ಒಂದು ಭರಣಿ ತುಂಬ ಹಾಕಿಟ್ಟರು. ತಾವು ಒಂದನ್ನೂ ಮುಟ್ಟಲಿಲ್ಲ.

ಆ ಮಳೆಗಾಲಕ್ಕೆ ನಾನು ಮನೆ ಬದಲಿಸಿ ಬಲ್ಮಠಕ್ಕೆ ಬಂದಿದ್ದೆ. ಆಟಿಯಲ್ಲಿ ಫೋನು ಮಾಡಿ ಬರಲೇಬೇಕೆಂದರು. ಹೋದೆ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಂದೇ. ದೀಪಾವಳಿಗೆ ಮೊದಲೇ, ನಿದ್ದೆಯಲ್ಲೇ ಹೋದರೆಂದು ಶೈಲಾ ತಿಳಿಸಿದಳು.

ಆಟಿಯ ಆ ಸಂಜೆ ವಾಮನಣ್ಣ ಗಂಜಿಯ ಬಿಸಿಯನ್ನು ಬೆರಳಿನಲ್ಲಿ ನೋಡಿ ಬಡಿಸಿದರು. ಮೊಸರು ಹಾಕಿದರು. ಮೆತ್ತಗಿನ ಮಾವಿನಕಾಯಿ ಹುಡುಕಿ ಎಲೆಯ ತುದಿಗಿಟ್ಟರು. ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವರ ಹಿರಿಯ ಭಾವ, ಇನ್ನು ಸಾಕೆಂದು ಬಾಗಿಲು ತಟ್ಟಲು ಎದ್ದರು. ವಾಮನಣ್ಣ ಅವರ ಕೈ ಹಿಡಿದು ಕೂರಿಸಿ, ನನ್ನ ಕಡೆ ತಿರುಗಿದರು.

“ಅವಳದ್ದು ಭಾರೀ ನಿಧಾನ ಟೀಚರೇ. ಒಂದು ಲೋಟ ಚಾ ಕುಡಿಲಿಕ್ಕೂ ಅರ್ಧ ಗಂಟೆ ಬೇಕು, ಮದುವೆಯಾದ ಹೊಸತರಿಂದಲೂ ಹಾಗೆಯೇ. ಅವಸರ ಮಾಡಿದ್ರೆ ಅರ್ಧಕ್ಕೇ ಎದ್ದುಬಿಡ್ತಾಳೆ.”

ಇದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸುಂದರಿಯಕ್ಕ ಯಾವಾಗಲೂ ನಿಂತುಕೊಂಡೇ, ಯಾರಾದರೂ ನೋಡಿಯಾರೆಂದು ಗಬಗಬನೆ ಉಂಡು ಹೋಗುತ್ತಿದ್ದರು.

ಭಾವ ಮತ್ತೆ ಏಳಲಿಲ್ಲ. ವಾಮನಣ್ಣ ಹೇಳುವ ತನಕ ನಾವೆಲ್ಲ ಹಾಗೆಯೇ ಕಾದು ಕೂತೆವು.