ತೆರೆದ ಹೆಲ್ಮೆಟ್ಟಿಗೊಂದು ಅನುಮತಿ ಪತ್ರ

ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ನಾಲ್ಕನೇ ವರ್ಷಕ್ಕೆ ಜ್ವರ ಬಂದು ಅಕ್ಕನ ಕಿವಿ ಹೋಯಿತಲ್ಲ, ಅವಳ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಾಳೆ ಎನ್ನುತ್ತಿದ್ದಳು ಅಮ್ಮ. ಅಂಥ ನನ್ನನ್ನು ಒಂದು ಬೆಳಗಿನ ಮಟ್ಟಿಗೆ ಬಾಯಿ ಮುಚ್ಚಿಕೊಂಡು ಕೂರು ಎಂದು ಬೇಡಿಕೊಂಡವರು ನಮ್ಮ ಭಾವ.

ಭಾವನದು ಹೊಲಿಗೆ ಯಂತ್ರ ರಿಪೇರಿ ಕೆಲಸ. ಅಂಗಡಿ ಗಿಂಗಡಿ ಇಲ್ಲ, ಬೈಕೇ ಅಂಗಡಿ. ಪಕ್ಕದ ಪೆಟ್ಟಿಗೆಯಲ್ಲಿ ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ, ಬಾಬಿನ್ನು, ಬೆಲ್ಟು. ಮದುವೆಯಾದ ಹೊಸದರಲ್ಲೇ ಅಕ್ಕನೂ ಜೊತೆಗೆ ಹೊರಟಳು. ಹೆಂಗಸರೇ ಇರುವ ಮನೆಗೆ ಹೆಂಡತಿಯೂ ಬಂದರೆ ಅನುಕೂಲ ಎಂಬುದು ನೆಪ. ನಿಜವಾಗಿ ಅವಳೇ ದೊಡ್ಡ ಮೆಕ್ಯಾನಿಕ್ಕು. ಭಾವ ಪೆಡಲು ತುಳಿಯುತ್ತಿದ್ದರೆ ಅವಳು ಯಂತ್ರದ ಬೆನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವಳು. ಅದುರುವ ಬಗೆಯಲ್ಲೇ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಅವಳಿಗೆ ತಿಳಿಯುತ್ತಿತ್ತು. ಅವಳು ಬೆರಳು ತೋರಿಸಿದಲ್ಲಿ ಭಾವ ತಿರುಪು ಬಿಚ್ಚುವರು. ಇವಳು ಡಾಕ್ಟರು, ನಾನು ಬರೀ ಕಾಂಪೌಂಡರು ಎಂದು ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಗಾಡಿಯ ಮೇಲೂ ಇಬ್ಬರ ಮಾತು ನಿಲ್ಲುತ್ತಿರಲಿಲ್ಲ. ಅಕ್ಕ ತುಟಿ ಓದುತ್ತಿದ್ದಳು. ಭಾವನ ಹೆಲ್ಮೆಟ್ಟು ಗದ್ದದ ಭಾಗವನ್ನು ಮೇಲಕ್ಕೆತ್ತಬಹುದಾದದ್ದು. ಅದನ್ನು ಎತ್ತಿಕೊಂಡೇ ಓಡಿಸುವರು. ಅವಳು ಹಿಂದೆ ಕೂತು ಕನ್ನಡಿಯಲ್ಲಿ ಅವರ ತುಟಿ ನೋಡುವಳು, ಉತ್ತರವನ್ನು ಅವರ ಬೆನ್ನ ಮೇಲೆ ಬೆರಳಲ್ಲಿ ಬರೆಯುವಳು. ಅಷ್ಟೊಂದು ಏನು ಹರಟುತ್ತೀರಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆದರೆ ಕಾನೂನು ಒಪ್ಪಬೇಕಲ್ಲ. ಇಂಥ ಹೆಲ್ಮೆಟ್ಟುಗಳಲ್ಲಿ ಕೆಲವನ್ನು ತೆರೆದೂ ಮುಚ್ಚಿಯೂ ಪರೀಕ್ಷೆ ಮಾಡಿರುತ್ತಾರೆ. ಅವನ್ನು ಹೇಗೆ ಹಾಕಿ ಓಡಿಸಿದರೂ ತಪ್ಪಿಲ್ಲ. ಇನ್ನು ಕೆಲವು ಮುಚ್ಚಿದಾಗ ಮಾತ್ರ ಪಾಸಾದವು. ಯಾವುದು ಯಾವ ಬಗೆ ಎಂದು ಒಳಗಿನ ಚೀಟಿಯಲ್ಲಿರುತ್ತದೆ. ಭಾವನದು ಮುಚ್ಚಲೇಬೇಕಾದದ್ದು, ತೆರೆದರೆ ತಲೆಗೆ ಏನೂ ಹಾಕದ ಲೆಕ್ಕ. ಆಗ ಅಂಗಡಿಗಳಲ್ಲಿ ಸಿಗುತ್ತಿದ್ದುದೂ ಅದೊಂದೇ ಬಗೆ. ಎರಡು ಸಲ ದಂಡ ಬಿದ್ದ ಮೇಲೆ ಅಕ್ಕ ತಾನೇ ಸಾರಿಗೆ ಕಚೇರಿಗೆ ಅರ್ಜಿ ಬರೆದಳು. ನನ್ನ ಗಂಡ ನನ್ನ ಜೊತೆ ಮಾತಾಡಬೇಕು, ಅದಕ್ಕೆ ಅವರ ಬಾಯಿ ನನಗೆ ಕಾಣಬೇಕು, ಇಷ್ಟೇ ಅರ್ಜಿ. ಯಾವ ಪುಣ್ಯಾತ್ಮ ಓದಿದನೋ, ಅನುಮತಿ ಸಿಕ್ಕಿಬಿಟ್ಟಿತು. ಸದರಿ ಮಹಿಳೆ ಹಿಂದೆ ಕುಳಿತಿರುವಾಗ ಮಾತ್ರ ತೆರೆದು ಓಡಿಸಬಹುದು ಎಂಬ ಪತ್ರ, ಕೆಳಗೆ ಅಕ್ಕನ ಸಹಿ. ಭಾವ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಹದಿನಾಲ್ಕು ತಿಂಗಳ ಹಿಂದೆ ಅಕ್ಕ ಹೋದಳು. ಮೂರು ದಿನದ ಎದೆನೋವು, ಅಷ್ಟೇ. ಭಾವ ಅತ್ತದ್ದನ್ನು ನಾನು ನೋಡಲಿಲ್ಲ. ಹದಿನೈದು ದಿನಕ್ಕೆ ಕೆಲಸಕ್ಕೂ ಹೊರಟರು. ಒಮ್ಮೆ ಸಿಗ್ನಲ್ಲಿನಲ್ಲಿ ಅವರನ್ನು ದೂರದಿಂದ ಕಂಡೆ. ಹೆಲ್ಮೆಟ್ಟು ತೆರೆದಿತ್ತು, ಹಿಂದಿನ ಸೀಟು ಖಾಲಿ, ತುಟಿ ಆಡುತ್ತಲೇ ಇತ್ತು. ನಾನು ಕೂಗಲಿಲ್ಲ.

ಪೊಲೀಸರು ಹಿಡಿಯದೆ ಬಿಡುತ್ತಾರೆಯೇ? ಹಿಡಿದಾಗ ಭಾವ ಪತ್ರ ತೋರಿಸುವರು. ಎಲ್ಲಿ ಆಕೆ ಎಂದರೆ, ಈಗಷ್ಟೇ ಗಿರಾಕಿ ಮನೆಯಲ್ಲಿ ಇಳಿಸಿ ಬಂದೆ, ಕರೆತರಲು ಹೊರಟಿದ್ದೇನೆ ಎನ್ನುವರು. ಎರಡು ಸಲ ನಡೆಯಿತು. ಮೂರನೇ ಸಲವೂ ಅದೇ ಪೇದೆ, ಅದೇ ಉತ್ತರ. ಅವನು ಲೈಸೆನ್ಸ್ ಕಸಿದುಕೊಂಡು ಚೀಟಿ ಬರೆದ. ಎಂಟು ದಿನದೊಳಗೆ ಆಕೆಯನ್ನು ಕಚೇರಿಗೆ ಕರೆತರಬೇಕು, ಇಲ್ಲವಾದರೆ ಪತ್ರ ರದ್ದು, ಲೈಸೆನ್ಸ್ ಆರು ತಿಂಗಳು ಜಪ್ತಿ. ಆರು ತಿಂಗಳು ಗಾಡಿ ಇಲ್ಲದಿದ್ದರೆ ಭಾವನಿಗೆ ಅನ್ನವಿಲ್ಲ. ದೊಡ್ಡ ರಿಪೇರಿಗೆಂದು ಬಿಚ್ಚಿ ತಂದ ಯಂತ್ರದ ತಲೆಯನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಲಾಗುತ್ತದೆಯೇ?

ನಾನು ಲಾಂಡ್ರಿಯಲ್ಲಿ ಬಟ್ಟೆಗೆ ಗುರುತಿನ ಚೀಟಿ ಹಚ್ಚುವವಳು. ಭಾವ ಅಲ್ಲಿಗೇ ಬಂದರು.

"ನೀನು ಥೇಟ್ ಅವಳ ಥರಾನೇ ಇದ್ದೀಯ. ಬಂದು ಸುಮ್ನೆ ಕೂತ್ಕೋ. ಮಾತಾಡ್ಬೇಡ, ಅಷ್ಟೇ ಸಾಕು" ಎಂದರು.

ತಲೆ ನೆಟ್ಟಗಿದೆಯಾ ಎಂದು ಬಾಯಿಗೆ ಬಂದಂತೆ ಬೈದೆ. ಸಿಕ್ಕಿಬಿದ್ದರೆ ಇಬ್ಬರೂ ಕಂಬಿ ಎಣಿಸಬೇಕಾಗುತ್ತದೆ ಎಂದೆ. ನಡೆದದ್ದನ್ನು ಹೇಳಿ ಕೈಮುಗಿಯಿರಿ, ಈಗ ಎರಡು ಬಗೆಗೂ ಪಾಸಾದ ಹೆಲ್ಮೆಟ್ಟು ಸಿಗುತ್ತದೆ, ಅದನ್ನು ಕೊಂಡು ಹೇಗೆ ಬೇಕಾದರೂ ಓಡಿಸಿ, ಪೀಡೆ ಕಳೆಯಿತು ಎಂದೆ. ಭಾವ ಗುರುತಿನ ಚೀಟಿಯೊಂದನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ನಿಂತಿದ್ದರು.

"ಆಗ ಈ ಪತ್ರ ಯಾಕೆ ಬೇಕು? ಇದೊಂದರಲ್ಲೇ ಕಣೇ ಅವಳು ಇನ್ನೂ ನನ್ನ ಹಿಂದೆ ಕೂತಿರೋದು."

ನನ್ನ ಜೋರು ಬಾಯಿ ಎಲ್ಲಿ ಹೋಯಿತೋ. ಬರುತ್ತೇನೆ ಎಂದುಬಿಟ್ಟೆ.

ಎಂಟನೇ ದಿನ ಅಕ್ಕನ ಬೂದು ಸ್ವೆಟರ್ ತೊಟ್ಟು ಭಾವನ ಜೊತೆ ಕಚೇರಿಗೆ ಹೋದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಯಾರಾದರೂ ಕೆಮ್ಮಿದರೂ ತಿರುಗಿ ನೋಡಿಬಿಡುತ್ತೇನೇನೋ ಎಂದು ಬೆವರು. ಅಧಿಕಾರಿ ಹೆಂಗಸು, ಹೆಚ್ಚುಕಮ್ಮಿ ನನ್ನ ವಯಸ್ಸಿನವಳು. ದಬಾಯಿಸಲಿಲ್ಲ. ಪತ್ರವನ್ನು ಎರಡು ಸಲ ಓದಿ, ಅನುಮತಿ ಮುಂದುವರಿಸಬೇಕೇ ಎಂದು ನಿಮ್ಮ ಹೆಂಡತಿಯನ್ನೇ ಕೇಳಿ ಎಂದು ಭಾವನಿಗೆ ಹೇಳಿದಳು.

ಭಾವ ನನ್ನ ಕಡೆ ತಿರುಗಿದರು. ದನಿಯಿಲ್ಲದೆ ತುಟಿ ಆಡಿಸತೊಡಗಿದರು. ಅದು ಒಂದು ಪ್ರಶ್ನೆಗೆ ಮುಗಿಯುವ ಮಾತಾಗಿರಲಿಲ್ಲ. ಹೇಳುತ್ತಲೇ ಇದ್ದರು, ನಡುವೆ ಒಮ್ಮೆ ಸಣ್ಣಗೆ ನಕ್ಕರು. ಆ ಮುಖವನ್ನು ಹದಿನಾಲ್ಕು ತಿಂಗಳಿಂದ ನಾನು ಕಂಡಿರಲಿಲ್ಲ. ನನಗೆ ಒಂದಕ್ಷರ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅಕ್ಕನ ಪಕ್ಕದಲ್ಲೇ ಬೆಳೆದರೂ ತುಟಿ ಓದುವುದನ್ನು ನಾನು ಕಲಿಯಲಿಲ್ಲ. ಅವಳೇ ನಮಗಾಗಿ ಕಲಿತಿದ್ದಳಲ್ಲ, ನಮಗೇನು ದರ್ದು. ಸುಮ್ಮನೆ ತಲೆಯಾಡಿಸಿದೆ. ಎಲ್ಲೋ ಆಡಿಸಬಾರದ ಕಡೆ ಆಡಿಸಿರಬೇಕು.

ಭಾವನ ತುಟಿ ನಿಂತಿತು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ ದನಿ ತೆಗೆದು ಹೇಳಿದರು.

"ಇವಳು ನನ್ನ ನಾದಿನಿ, ಮೇಡಂ. ಇವಳದೇನೂ ತಪ್ಪಿಲ್ಲ. ನನ್ನ ಹೆಂಡ್ತಿ ತೀರ್ಕೊಂಡಿದ್ದಾಳೆ."

ಆಕೆ ಪೆನ್ನಿನ ಮುಚ್ಚಳ ಹಾಕಿದಳು. ಲೈಸೆನ್ಸನ್ನು ಮೇಜಿನ ಈಚೆಗೆ ತಳ್ಳಿದಳು, ಇನ್ನು ಮುಂದೆ ಮುಚ್ಚಿಕೊಂಡೇ ಓಡಿಸಬೇಕು ಎಂದಳು. ಪತ್ರವನ್ನು ಫೈಲಿನೊಳಗೆ ಇಟ್ಟುಕೊಂಡಳು. ಭಾವ ಫೈಲನ್ನೇ ನೋಡುತ್ತಿದ್ದರು, ಆದರೆ ಪತ್ರ ವಾಪಸು ಕೇಳಲಿಲ್ಲ.

ಹೊರಗೆ ಬಿಸಿಲು. ಭಾವ ಹೆಲ್ಮೆಟ್ಟು ಹಾಕಿಕೊಂಡು ಪಟ್ಟಿ ಬಿಗಿಯುತ್ತಿದ್ದರು. ನನ್ನ ಹಾಳು ಬಾಯಿ ತಡೆಯಬೇಕೇ, ಒಳಗೆ ಅಷ್ಟೊಂದು ಏನು ಹೇಳಿದಿರಿ ಎಂದು ಕೇಳಿಬಿಟ್ಟೆ.

"ಅದು ನಿನಗೆ ಹೇಳಿದ್ದಲ್ಲಮ್ಮ" ಎಂದರು. ಗದ್ದದ ಭಾಗವನ್ನು ಕೆಳಕ್ಕೆ ಎಳೆದು ಮುಚ್ಚಿ, ಗಾಡಿ ಸ್ಟಾರ್ಟ್ ಮಾಡಿದರು.