ಬೈಂಡರ್ ಅಕ್ಕನ ಏಳು ಕ್ಲಿಪ್ಪು

ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ, ಅದರ ಮೇಲೆ ಬಟ್ಟೆ ಒಣಹಾಕುವ ಏಳು ಕ್ಲಿಪ್ಪು. ಅದೇ ಬೈಂಡರ್ ಅಕ್ಕನ ಕಾರ್ಖಾನೆ. ನಾನು ಅಲ್ಲಿನ ಗುಮಾಸ್ತ. ಆ ಹಗ್ಗದಡಿ ತಲೆ ತಗ್ಗಿಸಿ ತಗ್ಗಿಸಿಯೇ ನನಗೆ ಕತ್ತುನೋವು ಶುರುವಾದದ್ದು.

ಪೈಪು ಒಡೆದು ನೆನೆದ ನಲವತ್ತೆರಡು ಜನನ ರಿಜಿಸ್ಟರುಗಳು ಒಣಗಿ ಇಟ್ಟಿಗೆಯಂತಾಗಿದ್ದವು. ಅಕ್ಕ ಹಬೆ ಹಿಡಿದು, ಮೊಂಡು ಚಾಕು ತೂರಿಸಿ, ದಿನಕ್ಕೆ ಏಳೇ ಹಾಳೆ ಬಿಡಿಸುತ್ತಿದ್ದಳು. ಮೊದಲ ವಾರ ಹುರುಪಿನಲ್ಲಿ ಹನ್ನೆರಡು ಬಿಡಿಸಲು ಹೋಗಿ ಮೂರು ಮಕ್ಕಳ ಹುಟ್ಟಿದ ದಿನವನ್ನೇ ಹರಿದಿದ್ದಳು. ಅಂದಿನಿಂದ ಏಳು ಎಂದರೆ ಏಳು. ಉಳಿದ ರಾಶಿಯ ಮೇಲೆ ಹಳೇ ಪರದೆ ಎಳೆದುಬಿಡುತ್ತಿದ್ದಳು. "ಅದನ್ನ ನೋಡ್ತಾ ಕೂತ್ರೆ ಕೈಕಾಲೇ ಆಡಲ್ಲ ಕಣೋ."

ಆ ರಾಶಿಯಲ್ಲೇ ಅವಳ ಮಗಳೂ ಇದ್ದಳು. ಹುಟ್ಟಿ ಮೂರು ಗಂಟೆ ಬದುಕಿದ ಮಗು; ಹೆಸರಿಲ್ಲ, ಫೋಟೊ ಇಲ್ಲ. ಮೂವತ್ತೆಂಟನೇ ರಿಜಿಸ್ಟರಿನ ಒಂದು ಸಾಲು ಬಿಟ್ಟರೆ ಆ ಮಗು ಬಂದುಹೋದದ್ದಕ್ಕೆ ಬೇರೆ ಗುರುತಿಲ್ಲ. ಮೊದಲು ಅದನ್ನೇ ಬಿಡಿಸು ಎಂದು ನಾನು ದುಂಬಾಲು ಬಿದ್ದೆ.

"ನನ್ನದು ಸಿಕ್ಬಿಟ್ರೆ ಮಿಕ್ಕ ಮಕ್ಕಳ ಮೇಲೆ ಕೈ ಓಡುತ್ತಾ? ಸರದಿಯಲ್ಲೇ ಬರ್ಲಿ."

ಮೂರು ವರ್ಷ ಕಳೆದು, ಒಂಬತ್ತು ರಿಜಿಸ್ಟರು ಉಳಿದಾಗ ಹೊಸ ಸಾಹೇಬರು ಬಂದರು. "ದಿನಕ್ಕೆ ಏಳು ಹಾಳೆನಾ? ಈ ಜನ್ಮದಲ್ಲಿ ಮುಗಿಯುತ್ತೇನಮ್ಮಾ?"

"ಜನ್ಮದ ವಿಷಯ ನಂಗೊತ್ತಿಲ್ಲ ಸಾರ್. ಇವತ್ತಿನ ಏಳು ಸಂಜೆಗೆ ಮುಗಿಯುತ್ತೆ."

ಸಾಹೇಬರ ಮುಖ ಕೆಂಪಾಯಿತು. ದುರಸ್ತಿಗೆ ಇನ್ನೂ ತೆಗೆಯದ ರಿಜಿಸ್ಟರುಗಳೆಲ್ಲ ಸೋಮವಾರ ರದ್ದಿ ಲಾರಿಗೆ ಎಂದು ಆದೇಶ ಬರೆದು, ಸಹಿ ಗೀಚಿ ಹೋದರು.

ನನಗೆ ಮೈಯೆಲ್ಲ ಉರಿಯಿತು. "ನಿಂದೊಂದನ್ನ ಮನೆಗೆ ತಗೊಂಡ್ಹೋಗಕ್ಕಾ, ನಾನು ನೋಡ್ಲೇ ಇಲ್ಲ," ಎಂದೆ. ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಆದೇಶವನ್ನು ಎರಡು ಸಲ ಓದಿ, ಪರದೆ ಸರಿಸಿದಳು.

ಸೋಮವಾರ ಸಾಹೇಬರು ಬಂದಾಗ ಹಗ್ಗದ ಮೇಲೆ ಒಂಬತ್ತು ಹಾಳೆ ತೂಗುತ್ತಿದ್ದವು. ಒಂದೊಂದು ರಿಜಿಸ್ಟರಿನಿಂದ ಒಂದೊಂದು, ಮೇಲಿನ ಹಾಳೆ ಮಾತ್ರ. ಏಳು ದಾಟಿದರೂ ಒಂದಕ್ಷರ ಹರಿದಿರಲಿಲ್ಲ. ಕ್ಲಿಪ್ಪು ಸಾಲದ ಎರಡಕ್ಕೆ ತಲೆಯ ಪಿನ್ನು ಸಿಕ್ಕಿಸಿ, ಬಿಚ್ಚಿದ ಕೂದಲಲ್ಲೇ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಂಬತ್ತನ್ನೂ ದುರಸ್ತಿಗೆ ತೆಗ್ದಾಯ್ತು ಸಾರ್. ಇನ್ನು ಮುಟ್ಟೋ ಹಾಗಿಲ್ಲ. ನೀವೇ ಬರ್ದಿದೀರಲ್ಲ."

ಲಾರಿ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿತು. ನಾನು ಪೆನ್ನು ಹುಡುಕುವ ನೆಪದಲ್ಲಿ ಮೇಜಿನಡಿ ಬಗ್ಗಿ ಮನಸಾರೆ ನಕ್ಕೆ.

ಐದು ತಿಂಗಳ ನಂತರ ಒಂದು ಮಧ್ಯಾಹ್ನ ಅವಳ ಚಾಕು ನಿಂತಿತು.

"ಹೆಣ್ಣು. ಬೆಳಗ್ಗೆ ಆರೂ ಹತ್ತು," ಎಂದು ಓದಿದಳು. ಪಕ್ಕದಲ್ಲಿ ತಾಯಿಯ ಹೆಸರು, ಅವಳದ್ದೇ. ಆ ಹಾಳೆಯನ್ನು ನಾಲ್ಕನೇ ಕ್ಲಿಪ್ಪಿಗೆ ಸಿಕ್ಕಿಸಿದಳು.

"ಇವತ್ತಿಗೆ ಸಾಕು ಬಿಡಕ್ಕಾ," ಎಂದೆ.

ಮೊಣಕೈಯಿಂದ ಕಣ್ಣೊರೆಸಿಕೊಂಡು ಚಾಕು ಎತ್ತಿಕೊಂಡಳು.

"ಇನ್ನೂ ಮೂರು ಕ್ಲಿಪ್ಪು ಖಾಲಿ ಇದೆ ಕಣೋ."