ಸೊನ್ನೆಯಿಂದ ಶುರುವಾಗದ ಕಂಬಗಳು

ಕಂಪ್ಯೂಟರಿನ ಪರದೆಯ ಚಿತ್ರಗಳಿಗೆ ವೇಗ ಕೊಡುವ ಆ ಗ್ರಾಫಿಕ್ಸ್ ಕಾರ್ಡನ್ನು ನಾನು ನೋಡಿರಲಿಲ್ಲ. ನೋಡಿದ್ದೇನೆ ಎಂದು ಹೇಳಿದೆ. ಅದರ ಮೇಲೆ ಇನ್ನೊಂದು ಸುಳ್ಳು ಹೇಳಿದೆ— ಅದು ಮೊದಲಿನದಕ್ಕಿಂತ ಕೆಟ್ಟದ್ದು. ಅದಕ್ಕೂ ಬರುತ್ತೇನೆ, ಬರಲೇಬೇಕು.

ಎರಡು ಸಾವಿರದ ಇಸವಿಯ ಆಜೂಬಾಜು. ಬೆಳಗಾವಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ನಾನು ಸ್ಥಳೀಯ ವಾರಪತ್ರಿಕೆಯೊಂದರ ಕಂಪ್ಯೂಟರ್ ಅಂಕಣಕ್ಕೆ ಪೀಠಾಧಿಪತಿಯೂ ಆಗಿದ್ದೆ. ಬೇರೆ ಯಾರೂ ಒಪ್ಪದ್ದರಿಂದ ಪೀಠ ನನಗೆ ದಕ್ಕಿತ್ತು. ಒಂದು ದಿನ, ಇನ್ನೂ ಮಾರುಕಟ್ಟೆಗೆ ಬಾರದ ಕಾರ್ಡೊಂದರ ಬಣ್ಣದ ಕರಪತ್ರ ಕೈಗೆ ಬಂತು. ಅದರಲ್ಲಿ ವೇಗ ತೋರಿಸುವ ಎರಡು ಕಂಬ: ಹಳೆಯ ಕಾರ್ಡಿನದು ಗಿಡ್ಡ, ಹೊಸದರದು ಅದರ ಮೂರು ಪಟ್ಟು ಎತ್ತರ. ಬುಡದಲ್ಲಿ ಇರುವೆಯಂಥ ಅಕ್ಷರಗಳು— ಅಳತೆ ಸೊನ್ನೆಯಿಂದಲ್ಲ, ಎಂಬತ್ತರಿಂದ ಶುರು. ಪರೀಕ್ಷಿಸಿದ್ದು ಒಂದೇ ಒಂದು ಕಂಪ್ಯೂಟರ್ ಆಟದಲ್ಲಿ. ಅಂದರೆ ತೊಂಬತ್ತಕ್ಕೂ ನೂರಾಹತ್ತಕ್ಕೂ ಇರುವ ಅಂತರ, ಅಷ್ಟೇ. ಕಂಬದ ಬುಡ ನೋಡದೆ ತುದಿ ನೋಡಬೇಡಿ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದವನು ನಾನೇ. ಆ ಅಕ್ಷರಗಳನ್ನು ಓದಿದೆ, ಅರ್ಥಮಾಡಿಕೊಂಡೆ, ಕೈಬಿಟ್ಟೆ. ‘ಮೂರು ಪಟ್ಟು ವೇಗ, ಕೊಟ್ಟ ದುಡ್ಡಿಗೆ ಮೋಸವಿಲ್ಲ’ ಎಂದು ಬರೆದೆ. ಪುಣೆಯ ಪತ್ರಿಕೆಗಳಿಗಿಂತ ಮೊದಲು ಬರೆದೆ ಎಂಬ— ಇರಲಿ, ಕಾರಣ ಹೇಳುತ್ತ ಹೋದರೆ ಸಮಜಾಯಿಷಿಯಾಗುತ್ತದೆ.

ಆ ಅಂಕಣ ಹಿಡಿದುಕೊಂಡು ಖಾನಾಪುರದಿಂದ ಮಾರುತೆಪ್ಪ ಬಂದರು. ಮದುವೆಯ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಹೆಸರು ಮೂಡಿಸಿ, ಹೂ ಸುರಿಸಿ ಕ್ಯಾಸೆಟ್ ಮಾಡಿಕೊಡುವ ಕಸುಬು ಅವರದು. ಹಲಸಿಯ ಕಡೆಯ ಲಗ್ನಗಳೆಲ್ಲ ಅವರ ಕೈಯಲ್ಲೇ. ಆ ಕೆಲಸಕ್ಕೆಂದೇ ತಯಾರಾದ ಬೇರೊಂದು ಕಾರ್ಡನ್ನು ಬೆಳಗಾವಿಯ ಖಾಸಬಾಗದ ಅಂಗಡಿಯಲ್ಲಿ ನೋಡಿಟ್ಟು ಬಂದಿದ್ದರು.

“ಸರ, ಅದನ್ನ ತಗೊಳ್ಳಲ್ಯೋ, ನೀವು ಪೇಪರಿನ್ಯಾಗ ಬರದದ್ದು ಬರೂತನಕ ತಡೀಲ್ಯೋ? ತುಳಸಿ ಲಗ್ನ ಆತಂದ್ರ ನನಗ ಉಸುರ ಬಿಡಾಕ ಪುರುಸೊತ್ತ ಇರಂಗಿಲ್ಲ.”

“ತಡೀರಿ,” ಅಂದೆ.

“ನಾ ತಡೀತೇನ್ರಿ. ಮದುಮಗ ತಡೀತಾನೇನು?” ನಕ್ಕರು. ಆಮೇಲೆ ನಗು ಬಿಟ್ಟು ಕೇಳಿದರು: “ನೀವು ಖುದ್ದ ನೋಡೀರಲ್ಲ?”

“ಖುದ್ದ ನೋಡೇನಿ.”

ತಡೆದರು. ಮುಂದಿನ ತಿಂಗಳು ಬರುತ್ತದೆಂದ ಕಾರ್ಡು ಮಾಘ ಕಳೆದ ಮೇಲೆ ಬಂತು. ಅಷ್ಟರಲ್ಲಿ ಕ್ಯಾಸೆಟ್ಟಿಗೆ ಕಾದು ಬೇಸತ್ತ ಬೀಗರು ಬೆಳಗಾವಿಯ ಸ್ಟುಡಿಯೊಗಳ ದಾರಿ ಹಿಡಿದಿದ್ದರು. ಬಂದ ಕಾರ್ಡನ್ನು ಕೂಡಿಸಿದರೂ ಕೆಲಸ ಒಂದು ಗಳಿಗೆಯೂ ಬೇಗ ಮುಗಿಯಲಿಲ್ಲ— ಅದು ಆಟಕ್ಕೆಂದು ಹುಟ್ಟಿದ್ದು, ಅಕ್ಷತೆ ಅದರ ವಿಷಯವಲ್ಲ. ನನ್ನನ್ನು ಕರೆಸಿದರು. ಅಂಗಡಿಯಲ್ಲಿ ಅವರ ನಾಲ್ಕು ಜನ ಗೆಳೆಯರು ಕೂತಿದ್ದರು. ಕಂಪ್ಯೂಟರ್ ಬಿಚ್ಚಿ, ನಾಡಿ ಹಿಡಿದ ವೈದ್ಯನ ಗಾಂಭೀರ್ಯದಿಂದ ಒಳಗೆ ಇಣುಕಿದೆ. ಆಗ ಹೇಳಬಹುದಿತ್ತು. ತುಟಿಯವರೆಗೆ ಬಂದಿತ್ತು—

“ಕಾರ್ಡಿಂದೇನೂ ತಪ್ಪಿಲ್ರಿ. ನಿಮಗ ಅದನ್ನ ನಡಸಾಕ ಬರವಲ್ದು.”

ಒಬ್ಬ ಗೆಳೆಯ ನಕ್ಕ: “ಮಾರುತ್ಯಾ, ಎಮ್ಮಿ ಕಾಯೂ ಮಂದಿಗೆ ಇದೆಲ್ಲಾ ಯಾಕಪಾ?”

ಮಾರುತೆಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ— ಇಲ್ಲ, ತಲೆಯಾಡಿಸಿದರು. ನಂಬಿಬಿಟ್ಟರು. ವರ್ಷದೊಳಗೆ ಕಂಪ್ಯೂಟರ್ ಮಾರಿ, ಬೇರೆಯವರ ಸ್ಟುಡಿಯೊಗೆ ಕ್ಯಾಮೆರಾ ಹೊರಲು ಹೋದರು.

ಹೊಸ ಕಾರ್ಡು ಬರುವಾಗಲೆಲ್ಲ ಇಂದಿಗೂ ಅವೇ ಕಂಬಗಳು. ರೇಗುತ್ತೇನೆ. ಬರೆದವನನ್ನು ಬೈಯುತ್ತೇನೆ. ಬೈಯುವಾಗ ಮುಖ ಮಾತ್ರ ನನ್ನದೇ ಕಾಣುತ್ತದೆ.

ಹೋದ ವಾರ ಒಂದು ಲಗ್ನದಲ್ಲಿ ಸಿಕ್ಕರು. ಮಗಳಿಗೆ ನನ್ನನ್ನು ಪರಿಚಯಿಸಿದರು. “ಸರು ಭಾಳ ಶ್ಯಾಣ್ಯಾರು. ನಂಗ ತಲಿ ಇರಲಿಲ್ಲ ನೋಡವಾ.” ಆಕೆಗೆ ವಿಡಿಯೊ ಎಡಿಟಿಂಗ್ ಕಲಿಯುವ ಆಸೆಯಂತೆ. “ನಮ್ಮ ಮನಿತನಕ್ಕ ಅದು ಹತ್ತಂಗಿಲ್ಲ ಅಂತ ಹೇಳೇನ್ರಿ,” ಅಂದರು. ನಾನು ಕೈಯಲ್ಲಿದ್ದ ಚಹಾ ಮುಗಿಸಿದೆ.

ಈ ರವಿವಾರ ಖಾನಾಪುರಕ್ಕೆ ಹೋಗುತ್ತೇನೆ. ಆ ಗೆಳೆಯರನ್ನೂ ಮಗಳನ್ನೂ ಎದುರಿಗೆ ಕೂಡಿಸಿಕೊಂಡು ಹೇಳಬೇಕು: ಮಾರುತೆಪ್ಪ, ನಿಮಗ ಬರ್ತಿತ್ತು. ಕಾರ್ಡ ನೋಡದನ ಹೇಳಿದಾಂವ ನಾನು.

ನನ್ನ ಸುಳ್ಳನ್ನು ನಂಬಿದಷ್ಟು ಸುಲಭವಾಗಿ ಅವರು ಇದನ್ನು ನಂಬಲಿಕ್ಕಿಲ್ಲ.